ಮಲೆಯ ದಾರಿಯೂ ಸಹಪ್ರಯಾಣದ ಪಥವೂ

೧

ದಾರಿಗಳ ಇತಿಹಾಸವನ್ನು ಬರೆಯುವವರು ಅವನ್ನು ಯಾರು ಕಡಿಸಿದರು, ಯಾವ ಕಾಲದಲ್ಲಿ ಕಡಿಸಿದರು, ಅದಕ್ಕೆ ಎಷ್ಟು ವೆಚ್ಚವಾಯಿತು ಎಂಬ ಪ್ರಶ್ನೆಗಳಿಂದ ತೊಡಗುವುದು ವಾಡಿಕೆ. ಇವುಗಳಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆಯುಂಟು. ದಾರಿಯನ್ನು ಆಳುವವರು ಅದರ ಮೇಲೆ ಸಾಗುವುದನ್ನು ಯಾವ ಮಾನದಿಂದ ಎಣಿಸಿದರು? ಹೇರಿನಿಂದಲೋ, ಗಾಡಿಯಿಂದಲೋ, ಆಸನದಿಂದಲೋ, ಮನುಷ್ಯರಿಂದಲೋ? ಎಣಿಕೆಯ ಮಾನ ಬದಲಾದೊಡನೆ ದಾರಿಯ ಮೇಲೆ ಯಾರಿಗೆ ಮೊದಲ ಹಕ್ಕೆಂಬುದೂ ಬದಲಾಗುತ್ತದೆ.

ಈ ಪ್ರಶ್ನೆಗೆ ಪರದೇಶದ ಒಂದು ಏರ್ಪಾಡು ಸ್ಪಷ್ಟವಾದ ಉತ್ತರವನ್ನು ಕೊಟ್ಟಿದೆ. ಅದೇ ಕಾರ್‌ಪೂಲ್ ಲೇನ್. ಕನ್ನಡದಲ್ಲಿ ಅದನ್ನು ಸಹಪ್ರಯಾಣದ ಪಥವೆಂದು ಕರೆಯಬಹುದು. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಮಲೆಗಳಲ್ಲಿ ಅಂಥ ಪಥ ಒಂದೂ ಇಲ್ಲ. ಎರಡು ಬಸ್ಸುಗಳು ಎದುರಾದರೆ ಒಂದು ಹಿಂದೆ ಸರಿಯಬೇಕಾದ ದಾರಿಗಳಲ್ಲಿ ಪ್ರತ್ಯೇಕ ಪಥವನ್ನು ಎಲ್ಲಿಂದ ತರುವುದು? ಆದರೆ ಆ ಪಥದ ಹಿಂದಿರುವ ವಿಚಾರ ನಮ್ಮ ಮಲೆಗಳಿಗೆ ಹೊಸದಲ್ಲ. ಇಂದು ಅದು ನಮಗೆ ಬೇಡವಾದುದೂ ಅಲ್ಲ. ಇದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

೨

ಮೊದಲು ಆ ಪಥದ ಸ್ವರೂಪವನ್ನು ತಿಳಿಯೋಣ. ಹೆದ್ದಾರಿಯ ಹಲವು ಪಥಗಳಲ್ಲಿ ಒಂದನ್ನು ಗೆರೆ ಎಳೆದೋ ತಡೆ ಕಟ್ಟಿಯೋ ಬೇರೆ ಮಾಡಿ, ಇಬ್ಬರು ಅಥವಾ ಮೂವರಿಗೆ ಕಡಿಮೆಯಿಲ್ಲದೆ ಜನರಿರುವ ವಾಹನಗಳಿಗೆ ಮೀಸಲಿಡುತ್ತಾರೆ. ನೆಲದ ಮೇಲೆ ವಜ್ರಾಕೃತಿಯ ಗುರುತನ್ನು ಬರೆದಿರುತ್ತಾರೆ. ಕೆಲವೆಡೆ ಈ ನಿಯಮ ಇಡೀ ದಿನಕ್ಕೆ ಅನ್ವಯಿಸಿದರೆ, ಕೆಲವೆಡೆ ಬೆಳಗ್ಗೆ ಸಂಜೆಗಳ ನೂಕುನುಗ್ಗಲಿನ ವೇಳೆಗೆ ಮಾತ್ರ. ಒಬ್ಬನೇ ಕುಳಿತು ಆ ಪಥದಲ್ಲಿ ನುಗ್ಗಿದವನಿಗೆ ದಂಡ ಬೀಳುತ್ತದೆ.

ಇದರ ತರ್ಕ ಸರಳವಾದದ್ದು. ಒಂದು ಪಥದಲ್ಲಿ ಗಂಟೆಗೆ ೧೮೦೦ ಕಾರುಗಳು ಒಬ್ಬೊಬ್ಬ ಸವಾರನೊಡನೆ ಸಾಗಿದರೆ ದಾಟುವವರು ೧೮೦೦ ಜನ. ಪಕ್ಕದ ಪಥದಲ್ಲಿ ೮೦೦ ಕಾರುಗಳು ಮೂರು ಮೂರು ಜನರೊಡನೆ ಸಾಗಿದರೆ ದಾಟುವವರು ೨೪೦೦ ಜನ. ನೋಡುವ ಕಣ್ಣಿಗೆ ಎರಡನೆಯ ಪಥ ಅರ್ಧ ಬರಿದಾಗಿ ತೋರುತ್ತದೆ. ಆದರೆ ಹೆಚ್ಚು ಜನರನ್ನು ಮುಟ್ಟಿಸುತ್ತಿರುವುದು ಅದೇ. ಬರಿದಾಗಿ ತೋರುವುದರಿಂದಲೇ ಅಲ್ಲಿ ವೇಗ ಉಳಿಯುತ್ತದೆ. ವೇಗ ಉಳಿಯುವುದರಿಂದಲೇ ನೆರೆಯವನನ್ನು ಜೊತೆಗೆ ಕರೆದೊಯ್ಯುವ ಆಸೆ ಸವಾರನಿಗೆ ಹುಟ್ಟುತ್ತದೆ. ಹಣವನ್ನು ಕೊಡದೆ ಸಮಯವನ್ನು ಬಹುಮಾನವಾಗಿ ಕೊಡುವ ಏರ್ಪಾಡು ಇದು.

ಈ ಪಥ ಮೊದಲು ಕಾರುಗಳಿಗಾಗಿ ಹುಟ್ಟಿದ್ದಲ್ಲ, ಬಸ್ಸುಗಳಿಗಾಗಿ ಹುಟ್ಟಿದ್ದು ಎಂಬುದು ಗಮನಿಸತಕ್ಕ ಅಂಶ. ಅಮೆರಿಕದ ವರ್ಜೀನಿಯಾದಿಂದ ವಾಷಿಂಗ್ಟನ್ ನಗರಕ್ಕೆ ಹೋಗುವ ಶರ್ಲಿ ಹೆದ್ದಾರಿಯಲ್ಲಿ ೧೯೬೯ರಲ್ಲಿ ಬಸ್ಸುಗಳಿಗೆಂದೇ ಪಥವನ್ನು ತೆರೆದರು. ೧೯೭೩ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದುವು. ಆ ವರ್ಷದ ಡಿಸೆಂಬರಿನಲ್ಲಿ ನಾಲ್ವರಿರುವ ಕಾರುಗಳಿಗೂ ಆ ಪಥದಲ್ಲಿ ಪ್ರವೇಶ ದೊರೆಯಿತು. ಬಸ್ಸಿನ ಹಕ್ಕು ತುಂಬಿದ ಕಾರಿಗೆ ವಿಸ್ತರಿಸಿದ್ದು ಹೀಗೆ. ಕಾರೆಂಬ ಕಾರಣಕ್ಕಲ್ಲ, ಬಸ್ಸಿನ ಗುಣವನ್ನು ಸ್ವಲ್ಪಮಟ್ಟಿಗೆ ಪಡೆದ ಕಾರಣಕ್ಕೆ ಅದಕ್ಕೆ ಆ ಸ್ಥಾನ ದೊರೆಯಿತು.

ಲಾಸ್ ಏಂಜಲೀಸಿನ ಎರಡು ಅನುಭವಗಳು ಈ ಏರ್ಪಾಡಿನ ಸೂಕ್ಷ್ಮವನ್ನು ತೋರಿಸುತ್ತವೆ. ೧೯೭೬ರ ಮಾರ್ಚಿನಲ್ಲಿ ಅಲ್ಲಿಯ ಸಾಂಟಾ ಮೋನಿಕಾ ಹೆದ್ದಾರಿಯಲ್ಲಿ ಹೊಸ ಪಥವನ್ನು ಕಟ್ಟದೆ, ಎಲ್ಲರೂ ಬಳಸುತ್ತಿದ್ದ ಪಥವನ್ನೇ ಕಿತ್ತು ಮೀಸಲಿಟ್ಟರು. ಜನ ಕೆರಳಿದರು, ನ್ಯಾಯಾಲಯಕ್ಕೆ ಹೋದರು, ಆಗಸ್ಟಿನಲ್ಲಿ ಆ ಪ್ರಯೋಗ ನಿಂತಿತು. ಎರಡನೆಯದು ಎಲ್ ಮಾಂಟೆ ಬಸ್‌ಪಥದ ಅನುಭವ. ಅಲ್ಲಿ ಮೂವರಿರಬೇಕೆಂಬ ನಿಯಮವನ್ನು ೨೦೦೦ದ ಜನವರಿಯಲ್ಲಿ ಇಬ್ಬರಿಗೆ ಇಳಿಸಿದರು. ಪಥ ಕಾರುಗಳಿಂದ ಕಿಕ್ಕಿರಿದು ಬಸ್ಸುಗಳ ವೇಗ ಕುಸಿಯಿತು. ಅದೇ ವರ್ಷದ ಜುಲೈನಲ್ಲಿ, ನೂಕುನುಗ್ಗಲಿನ ವೇಳೆಗೆ, ಮೂವರ ನಿಯಮ ಮರಳಿ ಬಂದಿತು. ಒಬ್ಬ ಮನುಷ್ಯನ ಲೆಕ್ಕ ಹೆಚ್ಚು ಕಡಿಮೆಯಾದರೆ ಸಾವಿರಾರು ಜನರ ಬೆಳಗು ಕೆಡುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

೩

ಇನ್ನು ನಮ್ಮ ಮಲೆಗಳಿಗೆ ಬರೋಣ. ಕನ್ನಡ ಶಾಸನಗಳನ್ನು ಓದಿದವರಿಗೆ ಹೇರು, ತಲೆಹೊರೆ ಎಂಬ ಮಾತುಗಳು ಪರಿಚಿತವಾದುವು. ಎತ್ತಿನ ಬೆನ್ನಿನ ಮೇಲೆ ಹೇರಿದ ಹೊರೆಗೆ ಒಂದು ಸುಂಕ, ಕತ್ತೆಯ ಹೊರೆಗೆ ಇನ್ನೊಂದು, ಮನುಷ್ಯನ ತಲೆಯ ಮೇಲಿನ ಹೊರೆಗೆ ಮತ್ತೊಂದು. ಘಟ್ಟದ ದಾರಿಯನ್ನು ಕಾಯುತ್ತಿದ್ದ ಅರಸರಿಗೆ ಬೇಕಾಗಿದ್ದುದು ಸರಕಿನ ಎಣಿಕೆ. ಎತ್ತಿನ ಹಿಂದೆ ನಡೆಯುವ ಮನುಷ್ಯನದಲ್ಲ. ಕಳಸ ಮತ್ತು ಕಾರ್ಕಳಗಳೆರಡನ್ನೂ ಆಳಿದ ಭೈರರಸರ ರಾಜ್ಯ ಘಟ್ಟದ ಮೇಲೂ ಕೆಳಗೂ ಹಬ್ಬಿತ್ತು. ಮೇಲಿನ ಅಡಕೆ, ಮೆಣಸು ಕೆಳಗಿಳಿಯಬೇಕು. ಕೆಳಗಿನ ಉಪ್ಪು ಮೇಲೇರಬೇಕು. ಅಂಥ ರಾಜ್ಯಕ್ಕೆ ಘಟ್ಟದ ದಾರಿಯೇ ನಾಡಿ.

ಆ ದಾರಿಗಳಲ್ಲಿ ಒಂಟಿಯಾಗಿ ಹೋಗುವವರು ವಿರಳ. ಕಾಡುಮೃಗಗಳ ಭಯ, ಕಳ್ಳಕಾಕರ ಭಯ, ಹೊಳೆ ದಾಟುವ ಕಷ್ಟ ಇವುಗಳ ಕಾರಣದಿಂದ ಹೇರಿನ ಎತ್ತುಗಳು ಸಾಲುಗಟ್ಟಿಯೇ ನಡೆಯುತ್ತಿದ್ದುವು. ಹಿಂದಿನವರು ಸಾರ್ಥವೆಂದು ಕರೆದುದು ಇಂಥ ಗುಂಪನ್ನೇ. ಜೊತೆಗೂಡಿ ಪಯಣಿಸುವುದು ಅಂದು ಬಹುಮಾನಕ್ಕಾಗಿ ಮಾಡುವ ಕೆಲಸವಾಗಿರಲಿಲ್ಲ; ಜೀವವನ್ನು ಉಳಿಸಿಕೊಳ್ಳುವ ಉಪಾಯವಾಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಎಣಿಕೆಯ ಮಾನ ಹೊರಳಿತು. ಬಾಬಾಬುಡನ್ ಗಿರಿಯಲ್ಲಿ ಮೊದಲು ನೆಟ್ಟದ್ದೆಂದು ಸಂಪ್ರದಾಯವು ಹೇಳುವ ಕಾಫಿ ಆ ಹೊತ್ತಿಗೆ ತೋಟದ ಬೆಳೆಯಾಗಿ ಹಬ್ಬತೊಡಗಿತ್ತು. ಕಾಫಿಯ ಮೇಲೆ ಹಾಲತ್ ಎಂಬ ಸುಂಕವನ್ನು ಮಣದ ಲೆಕ್ಕದಲ್ಲಿ ಎತ್ತುತ್ತಿದ್ದರು. ೧೮೩೪ರಿಂದ ೧೮೬೧ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಸಾಯರ್ ಎಂಬ ಒಳನಾಡ ಸುಂಕದ ನೂರಾರು ಬಾಬುಗಳನ್ನು ತೆಗೆದುಹಾಕಿದನು. ಗಾಡಿ ಹೋಗುವಂಥ ರಸ್ತೆಗಳನ್ನು ಕಡಿಸಿದನು. ಹೇರಿನ ಎತ್ತು ಹಿಂದೆ ಸರಿದು ಜೋಡೆತ್ತಿನ ಗಾಡಿ ಮುಂದೆ ಬಂದಿತು. ಎತ್ತಿನ ಜಾಡಿಗಿಂತ ಗಾಡಿಯ ದಾರಿ ಅಗಲವಾಗಬೇಕು, ಏರು ತಗ್ಗಬೇಕು, ತಿರುವು ಸುತ್ತಬೇಕು. ಇಂದು ನಾವು ಕಾಣುವ ಘಟ್ಟದ ರಸ್ತೆಗಳ ಮೈಕಟ್ಟಿನಲ್ಲಿ ಗಾಡಿಯ ಕಾಲದ ಅಳತೆ ಇನ್ನೂ ಅಳಿದಿಲ್ಲ. ಆ ಅಳತೆಯ ಮೇಲೆಯೇ ಮೋಟಾರು ಏರಿತು.

೪

ಮೋಟಾರಿನೊಡನೆ ಬಂದ ಹೊಸ ಮಾನವೆಂದರೆ ಆಸನ. ದಾರಿಯ ಮೇಲೆ ಮನುಷ್ಯನು ಎಣಿಕೆಗೆ ಬಂದುದು, ನನಗೆ ತೋರುವಂತೆ, ಬಸ್ಸಿನ ಕಾಲದಲ್ಲಿ. ಆ ಕಾಲದಲ್ಲಿ ಕಡೂರು ಜಿಲ್ಲೆ ಎಂದು ಕರೆಯಲ್ಪಡುತ್ತಿದ್ದು, ೧೯೪೭ರಲ್ಲಿ ಚಿಕ್ಕಮಗಳೂರು ಜಿಲ್ಲೆಯೆಂಬ ಹೆಸರು ಪಡೆದ ಈ ಪ್ರದೇಶಕ್ಕೆ ಬಸ್ಸಿನ ಹಂಗು ಹೆಚ್ಚು. ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದುದು ೨೦೧೩ರಲ್ಲಿ; ಮೂಡಿಗೆರೆ, ಕಳಸಗಳಿಗೆ ಅದು ಬರಲೇ ಇಲ್ಲ. ಆದುದರಿಂದ ಶಾಲೆ, ಆಸ್ಪತ್ರೆ, ಸಂತೆ, ಕಚೇರಿಗಳಿಗೆ ಹೋಗುವವರೆಲ್ಲ ಒಂದೇ ಬಸ್ಸಿನಲ್ಲಿ ಒತ್ತಿಕೊಂಡು ಕುಳಿತರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ನಮ್ಮ ನಾಡಿನ ಬಸ್ಸುಗಳು ಇದ್ದಲಿನ ಅನಿಲದಿಂದ ಓಡಿದುದನ್ನು ಹಿರಿಯರು ಹೇಳುತ್ತಿದ್ದರು. ಅದೇ ಯುದ್ಧಕಾಲದಲ್ಲಿ ಅಮೆರಿಕದ ಸರ್ಕಾರ ಟೈರು ಮತ್ತು ತೈಲವನ್ನು ಉಳಿಸಲು ಕಾರನ್ನು ಹಂಚಿಕೊಳ್ಳಿರೆಂದು ತನ್ನ ಪ್ರಜೆಗಳನ್ನು ಬೇಡುತ್ತಿತ್ತು. ಹಂಚಿಕೊಳ್ಳಲು ಕಾರೇ ಇಲ್ಲದ ನಮ್ಮ ಮಲೆಗಳಲ್ಲಿ ಆ ಬೇಡಿಕೆಯ ಅಗತ್ಯವೇ ಇರಲಿಲ್ಲ.

೧೯೪೮ರಲ್ಲಿ ಮೈಸೂರು ಸರ್ಕಾರ ತನ್ನದೇ ರಸ್ತೆ ಸಾರಿಗೆ ಇಲಾಖೆಯನ್ನು ತೆರೆಯಿತು. ೧೯೬೧ರಲ್ಲಿ ಅದು ನಿಗಮವಾಯಿತು. ಆದರೂ ಮಲೆನಾಡಿನ ಎಷ್ಟೋ ಮಾರ್ಗಗಳಲ್ಲಿ ಖಾಸಗಿ ಬಸ್ಸುಗಳೇ ಉಳಿದುವು. ಇವುಗಳ ನಡುವೆ ಕೊಪ್ಪದ ಸಹಕಾರ ಸಾರಿಗೆಯ ಕಥೆ ಬೇರೆಯಾಗಿ ನಿಲ್ಲುತ್ತದೆ. ಖಾಸಗಿ ಸಂಸ್ಥೆಯೊಂದರ ಬಸ್ಸುಗಳು ನಿಂತು ಕೆಲಸ ಹೋದಾಗ ಅದರ ಕಾರ್ಮಿಕರೇ ೧೯೯೧ರಲ್ಲಿ ಸಹಕಾರ ಸಂಘವನ್ನು ಕಟ್ಟಿ ಬಸ್ಸುಗಳನ್ನು ಓಡಿಸಿದರು. ಚಾಲಕ, ನಿರ್ವಾಹಕ, ಯಂತ್ರದ ಕೆಲಸಗಾರರೇ ಅದರ ಒಡೆಯರು. ಬೆರಳೆಣಿಕೆಯ ಬಸ್ಸುಗಳಿಂದ ಆರಂಭವಾಗಿ ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳವರೆಗೆ ಅದು ಬೆಳೆಯಿತು; ಒಳನಾಡಿನ ಹಳ್ಳಿಗಳಿಗೆ ಹೋಯಿತು; ವಿದ್ಯಾರ್ಥಿಗಳಿಗೆ ರಿಯಾಯಿತಿಯನ್ನೂ ಕೊಟ್ಟಿತು. ನಷ್ಟದ ಭಾರವನ್ನು ಹೊರಲಾರದೆ ೨೦೨೦ರ ಫೆಬ್ರವರಿಯಲ್ಲಿ ಅದು ನಿಂತುಹೋಯಿತು. ತುಂಬಿದ ಬಸ್ಸಿಗೆ ರಸ್ತೆಯ ಮೇಲೆ ಯಾವ ವಿಶೇಷ ಹಕ್ಕೂ ಇಲ್ಲದ ವ್ಯವಸ್ಥೆಯಲ್ಲಿ, ಆ ಬಸ್ಸು ಪ್ರತಿ ತಿರುವಿನಲ್ಲೂ ಒಬ್ಬನೇ ಕುಳಿತ ಕಾರಿನ ಹಿಂದೆ ಕಾಯುತ್ತಿತ್ತೆಂಬುದನ್ನು ಈ ಸಂದರ್ಭದಲ್ಲಿ ನೆನೆಯಬೇಕು.

ತೆರಿಗೆಯ ಕ್ರಮದಲ್ಲಿಯೂ ಇಂಥದೇ ಒಂದು ವೈಚಿತ್ರ್ಯವನ್ನು ಕಾಣಬಹುದು. ರಾಜ್ಯದ ೧೯೫೭ರ ಮೋಟಾರು ವಾಹನ ತೆರಿಗೆಯ ಕಾಯಿದೆಯಡಿ ಬಸ್ಸಿಗೆ ತೆರಿಗೆಯನ್ನು ಆಸನದ ಲೆಕ್ಕದಲ್ಲಿ ವಿಧಿಸುತ್ತ ಬಂದರು. ಸ್ವಂತ ಕಾರಿಗಾದರೋ ಅದರ ಬೆಲೆಯ ಮೇಲೆ. ಬಸ್ಸಿನ ಆಸನ ಸರ್ಕಾರದ ಕಣ್ಣಿಗೆ ಬಿದ್ದಿತು. ಕಾರಿನ ಬರಿದಾದ ಆಸನ ಬೀಳಲಿಲ್ಲ.

ಬಸ್ಸು ಹೋಗದ ಕಡೆ ಜೀಪು ಹೋಯಿತು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮೂಡಿಗೆರೆಯ ಸುತ್ತಣ ಯಾವ ರಸ್ತೆಯಲ್ಲಿ ಬೆಳಗಿನ ಹೊತ್ತು ನಿಂತರೂ ಆಳುಗಳಿಂದ ತುಂಬಿದ ಜೀಪು, ಪಿಕಪ್ಪುಗಳನ್ನು ಕಾಣಬಹುದು. ಆದರೆ ಕಾನೂನಿನ ದೃಷ್ಟಿಯಲ್ಲಿ ಇಂಥ ಹಂಚಿಕೆ ಸಂದೇಹದ ವಸ್ತು. ೧೯೮೮ರ ಮೋಟಾರು ವಾಹನ ಕಾಯಿದೆ ದಾರಿಯುದ್ದಕ್ಕೂ ಬೇರೆ ಬೇರೆ ದರಕ್ಕೆ ಪ್ರಯಾಣಿಕರನ್ನು ಹತ್ತಿಸಿ ಇಳಿಸುವ ಮಜಲು ವಾಹನವನ್ನೂ, ಇಡಿಯಾಗಿ ಒಬ್ಬರಿಗೆ ಬಾಡಿಗೆಗೆ ಹೋಗುವ ಒಪ್ಪಂದದ ವಾಹನವನ್ನೂ ಬೇರೆ ಬೇರೆಯಾಗಿ ಕಾಣುತ್ತದೆ. ಎರಡಕ್ಕೂ ರಹದಾರಿ ಬೇಕು. ಸ್ವಂತ ಬಳಕೆಯ ವಾಹನದಲ್ಲಿ ಹಣ ಪಡೆದು ಜನರನ್ನು ಕೂರಿಸುವುದು ತಪ್ಪು. ಕರ್ನಾಟಕ ಸರ್ಕಾರ ೧೯೭೬ರಲ್ಲಿ ಒಪ್ಪಂದದ ವಾಹನಗಳನ್ನೇ ಶಾಸನದ ಮೂಲಕ ವಶಪಡಿಸಿಕೊಂಡಿತ್ತು. ೨೦೨೩ರಲ್ಲಿ ಬೆಂಗಳೂರಿನಲ್ಲಿ ಬಿಳಿ ಫಲಕದ ಕಾರುಗಳನ್ನು ಮೊಬೈಲ್ ಮೂಲಕ ಹಂಚಿಕೊಳ್ಳುವ ಪದ್ಧತಿಗೆ ಸಾರಿಗೆ ಇಲಾಖೆ ಆಕ್ಷೇಪಿಸಿದುದೂ ಇದೇ ಆಧಾರದ ಮೇಲೆ. ಈ ನಿಯಮಗಳಿಗೆ ಕಾರಣವಿಲ್ಲದೆ ಇಲ್ಲ. ವಿಮೆ, ಸುರಕ್ಷತೆ, ಟ್ಯಾಕ್ಸಿ ಓಡಿಸುವವರ ಜೀವನೋಪಾಯ ಇವೆಲ್ಲ ಗಣ್ಯವಾದ ವಿಷಯಗಳು. ಮಿತಿಮೀರಿ ತುಂಬಿದ ಜೀಪು ಕಣಿವೆಗೆ ಉರುಳಿದರೆ ಅದು ಸಹಪ್ರಯಾಣದ ಮಹಿಮೆಯಲ್ಲ. ಆದರೂ ಒಂದು ದೇಶದಲ್ಲಿ ಬಹುಮಾನ ಪಡೆಯುವ ನಡತೆ ಇನ್ನೊಂದು ದೇಶದಲ್ಲಿ ದಂಡಕ್ಕೆ ಗುರಿಯಾಗುವುದು ಇತಿಹಾಸದ ವಿದ್ಯಾರ್ಥಿಗೆ ಯೋಚಿಸತಕ್ಕ ಸಂಗತಿ.

೫

ಈಚಿನ ವರ್ಷಗಳಲ್ಲಿ ನಮ್ಮ ಮಲೆಗಳಲ್ಲಿ ನಾಲ್ಕನೆಯ ಮಾನವೊಂದು ನೆಲೆಗೊಂಡಿದೆ. ಅದು ವಾಹನ. ಎರಡು ನಿದರ್ಶನಗಳನ್ನು ಕೊಡುತ್ತೇನೆ.

ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದಿಂದ ಕೆಳಗಿಳಿಯುವ ಚಾರ್ಮಾಡಿ ಘಟ್ಟದ ರಸ್ತೆ, ಎಂದರೆ ರಾಷ್ಟ್ರೀಯ ಹೆದ್ದಾರಿ ೭೩, ೨೦೧೯ರ ಆಗಸ್ಟಿನ ಮಳೆಯಲ್ಲಿ ಹಲವೆಡೆ ಕುಸಿದು ಸಂಚಾರ ನಿಂತಿತು. ಅದು ಮತ್ತೆ ತೆರೆದಾಗ ಮೊದಲು ದಾರಿ ದೊರೆತದ್ದು ಲಘು ವಾಹನಗಳಿಗೆ. ಬಸ್ಸು ಲಾರಿಗಳು ಬಹುಕಾಲ ಕಾಯಬೇಕಾಯಿತು. ಕುಸಿದ ಅಂಚಿನ ಮೇಲೆ ಭಾರದ ವಾಹನವನ್ನು ಬಿಡಬಾರದೆಂಬ ಇಂಜಿನಿಯರರ ಮಾತು ಸರಿಯಾದುದೇ. ಆದರೆ ಅದರ ಫಲವನ್ನು ಜನರ ಲೆಕ್ಕದಲ್ಲಿ ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಒಬ್ಬನೇ ಕುಳಿತ ಕಾರು ಘಟ್ಟವನ್ನು ಇಳಿಯಿತು. ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾಗಿದ್ದ, ಕಾರಿಲ್ಲದ ಬಸ್ಸಿನ ಪ್ರಯಾಣಿಕ ಸುತ್ತುದಾರಿ ಹಿಡಿದನು. ಶರ್ಲಿ ಹೆದ್ದಾರಿಯ ನಿಯಮ ತಲೆಕೆಳಗಾದಂತೆ ಇದು.

ಎರಡನೆಯದು ಮುಳ್ಳಯ್ಯನಗಿರಿ. ೧೯೩೦ ಮೀಟರು ಎತ್ತರದ, ರಾಜ್ಯದಲ್ಲಿಯೇ ಉನ್ನತವಾದ ಈ ಶಿಖರಕ್ಕೆ ಏರುವ ದಾರಿ ಕಿರಿದು. ರಜೆಯ ದಿನಗಳಲ್ಲಿ ಬರುವ ಕಾರುಗಳ ಸಾಲು ಬಹಳ ಉದ್ದ. ೨೦೨೫ರ ಸೆಪ್ಟೆಂಬರಿನಿಂದ ಜಿಲ್ಲಾಡಳಿತ ಮುಂಗಡ ನೋಂದಣಿಯ ಕ್ರಮವನ್ನು ಜಾರಿಗೆ ತಂದು, ದಿನವನ್ನು ಎರಡು ಅವಧಿಗಳಾಗಿ ವಿಂಗಡಿಸಿ, ಅವಧಿಯೊಂದಕ್ಕೆ ೬೦೦ ವಾಹನಗಳೆಂದು ಮಿತಿಯನ್ನು ಗೊತ್ತುಮಾಡಿತು. ಗಿರಿಗೂ ಗಿರಿಯ ಜನರಿಗೂ ಉಸಿರಾಡಲು ಅವಕಾಶ ಮಾಡಿಕೊಟ್ಟ ಈ ಕ್ರಮ ಸ್ವಾಗತಾರ್ಹವಾದುದು. ಆದರೆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ೬೦೦ ವಾಹನಗಳಲ್ಲಿ ಇಬ್ಬಿಬ್ಬರಿದ್ದರೆ ಗಿರಿಯನ್ನು ಕಾಣುವವರು ೧೨೦೦ ಜನ. ಅಷ್ಟೇ ಜನ ಐದೈದರಂತೆ ಕುಳಿತು ಬಂದರೆ ೨೪೦ ವಾಹನಗಳು ಸಾಕು. ಮಿತಿಯನ್ನು ವಾಹನಕ್ಕೆ ಮಾತ್ರ ಹೇಳಿದಾಗ ಈ ಎರಡು ಬಗೆಯ ಸಾಲುಗಳ ನಡುವೆ ಯಾವ ವ್ಯತ್ಯಾಸವೂ ಉಳಿಯುವುದಿಲ್ಲ.

೬

ಇಲ್ಲಿ ಒಂದು ಶಂಕೆ ಹುಟ್ಟಬಹುದು. ತಲೆಗಳನ್ನು ಎಣಿಸುವ ನಿಯಮವನ್ನು ನಮ್ಮ ಜನ ಮೀರುವ ಉಪಾಯವನ್ನು ಕಂಡುಕೊಳ್ಳಲಾರರೆ? ಜಕಾರ್ತಾ ನಗರದ ಇತಿಹಾಸ ಈ ಶಂಕೆಗೆ ಬೆಂಬಲವಾಗಿ ನಿಲ್ಲುತ್ತದೆ. ಅಲ್ಲಿ ೧೯೯೨ರಿಂದ ಮುಖ್ಯ ಬೀದಿಗಳಲ್ಲಿ, ನೂಕುನುಗ್ಗಲಿನ ವೇಳೆಯಲ್ಲಿ, ಕಾರಿಗೆ ಮೂವರಿರಬೇಕೆಂಬ ನಿಯಮವಿತ್ತು. ರಸ್ತೆಯ ಬದಿಯಲ್ಲಿ ಬಾಡಿಗೆ ಪ್ರಯಾಣಿಕರು ಸಾಲುಗಟ್ಟಿ ನಿಂತರು. ಸವಾರರು ಹಣ ಕೊಟ್ಟು ಅವರನ್ನು ಕೂರಿಸಿಕೊಂಡು ಲೆಕ್ಕವನ್ನು ತುಂಬಿಸಿದರು. ಹಸುಳೆಗಳನ್ನು ಎತ್ತಿಕೊಂಡು ನಿಂತವರೂ ಇದ್ದರು. ಈ ಅವಸ್ಥೆಗೆ ಬೇಸತ್ತು ೨೦೧೬ರಲ್ಲಿ ನಿಯಮವನ್ನು ರದ್ದುಮಾಡಿದರು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ೨೦೧೭ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ನಿಯಮ ಹೋದ ಮೇಲೆ ಆ ಬೀದಿಗಳಲ್ಲಿ ಪ್ರಯಾಣದ ವಿಳಂಬ ಬೆಳಗಿನ ವೇಳೆ ಶೇಕಡ ೪೬ರಷ್ಟೂ ಸಂಜೆಯ ವೇಳೆ ಶೇಕಡ ೮೭ರಷ್ಟೂ ಹೆಚ್ಚಿತು. ಎಲ್ಲರೂ ಹಳಿಯುತ್ತಿದ್ದ, ಮೋಸಕ್ಕೆ ಎಡೆಕೊಟ್ಟ ನಿಯಮವೂ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತೆಂಬುದು ಅದು ಹೋದ ಮೇಲೆ ತಿಳಿಯಿತು.

ನಮ್ಮ ರಾಜ್ಯದ ಅನುಭವವೂ ಒಂದಿದೆ. ೨೦೧೯ರ ಕೊನೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಬಸ್ಸುಗಳಿಗೆ ಪ್ರತ್ಯೇಕ ಪಥವನ್ನು ಗುರುತಿಸಿ ಕಂಬಗಳನ್ನು ನೆಟ್ಟರು. ಮುಂದೆ ಮೆಟ್ರೋ ಕಾಮಗಾರಿ ಅದೇ ರಸ್ತೆಗೆ ಬಂದಾಗ ಆ ಪಥ ಬಳಕೆಯಿಂದ ಮರೆಯಾಯಿತು. ಅದು ಬಹುಕಾಲ ಬಾಳದಿದ್ದರೂ, ಹೆಚ್ಚು ಜನರನ್ನು ಹೊತ್ತ ವಾಹನಕ್ಕೆ ಮೊದಲ ದಾರಿ ಎಂಬ ಮಾತನ್ನು ಈ ನೆಲದ ಮೇಲೆ ಬಣ್ಣದಲ್ಲಿ ಬರೆದುದಕ್ಕೆ ಅದು ಸಾಕ್ಷಿ.

೭

ಹಾಗಾದರೆ ಪಥವನ್ನು ಕಡಿಯಲು ಜಾಗವಿಲ್ಲದ ಘಟ್ಟದಲ್ಲಿ ಈ ತತ್ತ್ವಕ್ಕೆ ನೆಲೆ ಎಲ್ಲಿ? ಉತ್ತರ ಘಟ್ಟದ ಹಳೆಯ ಮರ್ಯಾದೆಯಲ್ಲಿಯೇ ಇದೆ. ಕಿರಿದಾದ ಏರುದಾರಿಯಲ್ಲಿ ಎರಡು ವಾಹನಗಳು ಎದುರಾದರೆ ಇಳಿಯುವವನು ನಿಂತು ಏರುವವನಿಗೆ ದಾರಿ ಬಿಡಬೇಕು. ದೇಶದ ರಸ್ತೆ ನಿಯಮಗಳಲ್ಲಿ ಇದು ಬರೆದಿಟ್ಟ ಮಾತು. ನಮ್ಮ ಚಾಲಕರು ಅದನ್ನು ಪುಸ್ತಕದಲ್ಲಿ ಓದಿ ಕಲಿತವರಲ್ಲ. ಹೊರೆ ಹೊತ್ತು ಏರುತ್ತಿರುವವನು ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ; ಆದುದರಿಂದ ಕಷ್ಟ ಕಡಿಮೆಯಿರುವವನು ಕಾಯಬೇಕು. ಇಲ್ಲಿ ಪ್ರತ್ಯೇಕ ಪಥವಿಲ್ಲ, ಆದರೆ ಪ್ರಾಶಸ್ತ್ಯವಿದೆ. ಆ ಪ್ರಾಶಸ್ತ್ಯ ಸ್ಥಳದಲ್ಲಿಲ್ಲ, ಕಾಲದಲ್ಲಿದೆ.

ಸಹಪ್ರಯಾಣದ ಪಥದ ತತ್ತ್ವವನ್ನು ಮಲೆಗೆ ತರುವುದೆಂದರೆ ಈ ಮರ್ಯಾದೆಯನ್ನು ಒಂದು ಹೆಜ್ಜೆ ಮುಂದುವರಿಸುವುದಷ್ಟೆ. ಗಿರಿಯ ನೋಂದಣಿಯಲ್ಲಿ ತುಂಬಿದ ವಾಹನಕ್ಕೆ ಮೊದಲ ಅವಧಿಯನ್ನೂ ಕಡಿಮೆ ಶುಲ್ಕವನ್ನೂ ಕೊಡಬಹುದು. ಘಟ್ಟ ಕುಸಿದು ಮರಳಿ ತೆರೆಯುವಾಗ, ರಸ್ತೆ ತಾಳುವ ತೂಕದ ಮಿತಿಯೊಳಗೆ, ಕಿರು ಬಸ್ಸನ್ನು ಕಾರಿಗಿಂತ ಮೊದಲು ಬಿಡಬಹುದು. ಕೊಯ್ಲಿನ ಕಾಲದ ಬೆಳಗಿನಲ್ಲಿ ಆಳುಗಳನ್ನು ಒಯ್ಯುವ ವಾಹನಗಳಿಗೆ ಆಸನಗಳ ಮಿತಿ, ವಿಮೆ, ರಹದಾರಿಗಳನ್ನು ಸುಲಭವಾಗಿ ಒದಗಿಸಿ, ಅವನ್ನು ಕಾನೂನಿನ ನೆರಳಿನಿಂದ ಬೆಳಕಿಗೆ ತರಬಹುದು. ಇವು ಯಾವುವೂ ಬೆಟ್ಟವನ್ನು ಅಗೆಯಬೇಕೆನ್ನುವ ಸಲಹೆಗಳಲ್ಲ. ಮಳೆಗಾಲ ಬಂತೆಂದರೆ ಜಾರುವ ಈ ಮಣ್ಣಿನಲ್ಲಿ ಅಗೆಯದೆ ಆಗುವ ಉಪಾಯಕ್ಕೆ ಬೆಲೆ ಹೆಚ್ಚು.

ಡಿಸೆಂಬರಿನ ಒಂದು ಬೆಳಗ್ಗೆ ಮೂಡಿಗೆರೆಯ ಕಡೆಯ ತಿರುವೊಂದರಲ್ಲಿ ಈ ಲೇಖಕನಿದ್ದ ಬಸ್ಸು ಸುಮಾರು ಹೊತ್ತು ನಿಂತಿತ್ತು. ಮುಂದೆ ಪ್ರವಾಸಿಗರ ಕಾರುಗಳ ಸಾಲು. ಪಕ್ಕದಲ್ಲಿ ಹಣ್ಣು ಕೊಯ್ಯುವ ಹೆಂಗಸರಿಂದ ತುಂಬಿದ ಒಂದು ಜೀಪು. ಆ ಹೆಂಗಸರಲ್ಲಿ ಹಿರಿಯಳೊಬ್ಬಳು ಕಾರುಗಳೊಳಗೆ ಇಣುಕಿ ನೋಡುತ್ತ, ಒಂದರಲ್ಲಿ ಒಬ್ಬರು, ಇನ್ನೊಂದರಲ್ಲಿ ಇಬ್ಬರು ಎಂದು ಪಕ್ಕದವಳಿಗೆ ಎಣಿಸಿ ಹೇಳುತ್ತಿದ್ದಳು. ತೋಟದಲ್ಲಿ ಹಾಜರಿ ಕೂಗುವ ಹೊತ್ತು ಮೀರುತ್ತಿತ್ತು. ಶರ್ಲಿ ಹೆದ್ದಾರಿಯ ಇಂಜಿನಿಯರರು ಮಾಡಿದ ಎಣಿಕೆ ಅವಳದಕ್ಕಿಂತ ಬೇರೆಯಾದುದಲ್ಲ. ಹೇರನ್ನೂ ಗಾಡಿಯನ್ನೂ ಆಸನವನ್ನೂ ವಾಹನವನ್ನೂ ಸರದಿಯಾಗಿ ಎಣಿಸುತ್ತ ಬಂದ ಮಲೆಯ ದಾರಿ, ಇನ್ನಾದರೂ ಅವಳಂತೆ ಮನುಷ್ಯರನ್ನು ಎಣಿಸಲು ಕಲಿಯಬೇಕಾಗಿದೆ.